ಹೂ ಕೇಳಲು ಹೋದ ದಿನ

ನನ್ನ ಮಾವನವರಿಗೆ ವಯನಾಡು ಸಾಕಾಗಿತ್ತು. ಸಾಕಾಯಿತು ಎಂದು ಅವರು ಬೆಳಿಗ್ಗೆ ಮುಖ ತೊಳೆಯುವಾಗ ಒಂದು ಸಲ, ಮುದ್ದೆ ಮುರಿಯುವಾಗ ಒಂದು ಸಲ, ಸಂಜೆ ಕಾಲಿನಿಂದ ಜಿಗಣೆ ಕೀಳುವಾಗ ಜಿಗಣೆಗೊಂದು ಸಲ ಹೇಳುತ್ತಿದ್ದರು. ತೋಲ್ಪೆಟ್ಟಿಯ ಹತ್ತಿರ ಕುರುಚಲು ಕಡಿದು ಮಾಡಿಕೊಂಡಿದ್ದ ನಮ್ಮ ಜಮೀನಿನಲ್ಲಿ ಬಾಳೆ ಗೊನೆ ಹಾಕಿದರೆ ಆನೆಗೆ, ಗೆಣಸು ಬಿಟ್ಟರೆ ಹಂದಿಗೆ, ಮಿಕ್ಕಿದ್ದು ಕೋತಿಗೆ. ಅದೆಲ್ಲ ನಿಜವೇ. ಆದರೆ ಮಾವನವರ ಅಸಲಿ ದುಃಖ ಬೇರೆ ಇತ್ತು. ಮೈಸೂರು ಸೀಮೆಯ ನಮ್ಮ ಊರಿನ ಅರಳಿಕಟ್ಟೆಯ ಮೇಲೆ ಅವರಿಗೆಂದೇ ಒಂದು ಜಾಗವಿತ್ತು. ಸಂಜೆ ಅಲ್ಲಿ ಕೂತು ಅವರು ಮಾತು ತೆಗೆದರೆ ಸುತ್ತ ಇದ್ದವರೆಲ್ಲ ಹೂಂಗುಟ್ಟುತ್ತಿದ್ದರು. ಇಲ್ಲಿ ಹೂಂಗುಟ್ಟುವುದಕ್ಕೆ ಇದ್ದವರು ಅತ್ತೆ, ನನ್ನ ಗಂಡ, ನಾನು. ನಮಗೆ ಕೆಲಸವಿತ್ತು.

ನನಗೆ ವಾಪಸು ಹೋಗುವುದು ಸುತರಾಂ ಬೇಡವಾಗಿತ್ತು. ಯಾಕೆ ಬೇಡ ಎಂದು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ. ಉಪ್ಪಿನ ಕಾರಣಕ್ಕೆ.

ಊರಿನ ಆ ದೊಡ್ಡ ಮನೆಯಲ್ಲಿ ಮಾವನವರ ತಾಯಿ ಇದ್ದರು. ಅವರನ್ನು ನಾವೆಲ್ಲ ದೊಡ್ಡಜ್ಜಿ ಎನ್ನುತ್ತಿದ್ದೆವು. ಬಾಯಲ್ಲಿ ಹಲ್ಲಿರಲಿಲ್ಲ, ಕಣ್ಣು ಅರ್ಧಂಬರ್ಧ, ಆದರೆ ಅಡುಗೆಮನೆಯಲ್ಲಿ ಚಮಚ ಬಿದ್ದರೆ ಯಾವ ಸೊಸೆಯ ಕೈಯಿಂದ ಬಿತ್ತು ಎಂದು ಮಲಗಿದಲ್ಲಿಂದಲೇ ಹೇಳುತ್ತಿದ್ದರು. ಮನೆಯ ಉಪ್ಪಿನ ಮಡಕೆ ಅವರ ಮಂಚದ ಕೆಳಗೆ ಇರುತ್ತಿತ್ತು. ಸಾರು ಕುದಿ ಬಂದ ಮೇಲೆ ಪಾತ್ರೆಯನ್ನು ಮಂಚದ ಹತ್ತಿರ ಒಯ್ಯಬೇಕು, ಅವರೇ ಕೈಯಾರೆ ಉಪ್ಪು ಹಾಕಬೇಕು. ನನ್ನ ಗಂಡನ ಅಣ್ಣಂದಿರ ಹೆಂಡಿರು, ಎಂದರೆ ನನ್ನ ಮೂವರು ಓರಗಿತ್ತಿಯರು, ಪಾತ್ರೆ ಒಯ್ಯುವುದರಲ್ಲೇ ಮುಪ್ಪಾಗುವ ಹಾಗೆ ಕಾಣುತ್ತಿದ್ದರು. ಕೊನೆಯ ಸೊಸೆಯಾದ ನನಗೆ ಪಾತ್ರೆ ಒಯ್ಯುವ ಭಾಗ್ಯವೂ ಇರಲಿಲ್ಲ, ತಿಕ್ಕುವುದಷ್ಟೇ. ಮದುವೆಯಾದ ವರ್ಷ ಅಲ್ಲಿದ್ದು, ಬೂದಿಯಲ್ಲಿ ಕೈ ಸವೆದು, ಆಮೇಲೆ ಈ ಕಾಡಿಗೆ ಬಂದಾಗ ನನಗೆ ಸ್ವರ್ಗ ಕಂಡಂತಾಗಿತ್ತು. ಇಲ್ಲಿ ಹುಲ್ಲು ಹೊದಿಸಿದ ಮನೆ, ಒಂದೇ ಒಲೆ, ಅದರ ಪಕ್ಕದ ಗೂಡಿನಲ್ಲಿ ಕೈಗೆಟುಕುವ ಹಾಗೆ ಉಪ್ಪಿನ ಮಡಕೆ. ಬೆಳಗಿನ ಸಾರಿಗೆ ಅತ್ತೆ ಉಪ್ಪು ಹಾಕುವುದು, ಸಂಜೆಯದಕ್ಕೆ ನಾನು ಎಂದು, ಯಾರೂ ಬಾಯಿಬಿಟ್ಟು ಹೇಳದೆಯೇ ಆಗಿಹೋಗಿತ್ತು. ಅಪರೂಪಕ್ಕೆ ಇಬ್ಬರೂ ಹಾಕಿಬಿಡುತ್ತಿದ್ದೆವು. ಮಾವ ಗೊಣಗಿಕೊಂಡು ಉಣ್ಣುತ್ತಿದ್ದರು.

ಅತ್ತೆ ಯಾವ ಕಡೆ ಎಂದು ಕೇಳಿದರೆ ನಾನು ಕಣ್ಣು ಮುಚ್ಚಿಕೊಂಡು ಮಾವನ ಕಡೆ ಎನ್ನುತ್ತಿದ್ದೆ. ವಯನಾಡನ್ನು ಬಯ್ಯುವುದರಲ್ಲಿ ಅವರು ಗಂಡನಿಗಿಂತ ಒಂದು ಕೈ ಮೇಲು. ಮಳೆ ಬಂದರೆ ಮಳೆಗೆ ಬೈಗುಳ, ಬಿಸಿಲು ಬಂದರೆ ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು ಬಿಸಿಲಿಗೆ. ಈ ಕಾಡು ನನ್ನ ಹೆಣ ತಕ್ಕೊಂಡೇ ಬುಡದು ಎಂದು ದಿನಾ ಹೇಳುತ್ತಿದ್ದರು. ಹಾಗಾಗಿ, ಊರಿಗೆ ಹೊರಡುವ ಮಾತು ನಿಜವಾಗಿ ಎದ್ದ ದಿನ, ನಾನು ಒಬ್ಬಂಟಿ ಎಂದುಕೊಂಡು ಹಟ್ಟಿಯ ಹಿಂದೆ ಹೋಗಿ ಚೆನ್ನಾಗಿ ಅತ್ತುಬಿಟ್ಟೆ. ನನ್ನ ಗಂಡ ಬಂದು ಏನಾಯಿತು ಎಂದ. ಉಪ್ಪು ಎಂದೆ. ತರಿಸೋಣ ಬಿಡು ಎಂದ. ಆ ಮಹಾರಾಯನ ಬುದ್ಧಿ ಅಷ್ಟು.

ಜಮೀನು ಕೊಳ್ಳುವುದಕ್ಕೆ ಗಿರಾಕಿ ಪಕ್ಕದಲ್ಲೇ ಇದ್ದ. ತಿರುವಾಂಕೂರಿನ ಕಡೆಯಿಂದ ಮರಗೆಣಸಿನ ಕಡ್ಡಿಗಳ ಕಟ್ಟು ಹೊತ್ತುಕೊಂಡು ಬಂದು ನೆಲೆಸಿದ್ದ ಕ್ರಿಶ್ಚಿಯನ್ನರವನು. ನಾವು ಚೇಟ್ಟನ್, ಎಂದರೆ ಅವರ ಮಾತಿನಲ್ಲಿ ಅಣ್ಣ, ಎಂದು ಕರೆಯುತ್ತಿದ್ದೆವು. ಒಳ್ಳೆಯ ಮನುಷ್ಯ, ದೋಸ್ತಿ ಮನುಷ್ಯ, ಆದರೆ ನಮ್ಮ ಜಮೀನನ್ನು ನೋಡುವಾಗ ಅವನ ಕಣ್ಣು ಈ ಕೊನೆಯಿಂದ ಆ ಕೊನೆಗೆ ಹೆಜ್ಜೆ ಹಾಕುತ್ತಿತ್ತು. ಮಾವ ಅವನಿಗೆ ಮಾತು ಕೊಡುವವರಿದ್ದರು. ಆಗ ಅತ್ತೆ ಅಡ್ಡಬಂದು, ಇಲ್ಲಿಗೆ ಬರುವಾಗ ಊರ ಗುಡಿಯ ಅಮ್ಮನಿಗೆ ಹೂ ಕೇಳಿ ಬಂದವರು ನಾವು, ಹೋಗುವಾಗ ಕೇಳದೆ ಹೋದರೆ ದಾರಿಯಲ್ಲಿ ಏನಾದರೂ ಆದೀತು ಎಂದರು. ದೇವರ ಮಾತು ಬಂದರೆ ಮಾವ ಬಾಯಿ ಮುಚ್ಚುತ್ತಿದ್ದರು. ಅವರು ಬಾಯಿ ಮುಚ್ಚುವುದು ಆ ಒಂದು ಮಾತಿಗೆ ಮಾತ್ರ.

ಹೂ ಕೇಳುವುದು ನಮ್ಮ ಕಡೆಯ ಪದ್ಧತಿ. ದೇವರ ವಿಗ್ರಹವನ್ನು ನೀರಿನಿಂದ ತೋಯಿಸಿ, ಎರಡು ಭುಜಕ್ಕೂ ಹೂ ಅಂಟಿಸಿ, ಮನಸ್ಸಿನಲ್ಲಿರುವುದನ್ನು ಹೇಳಿ ಕಾಯಬೇಕು. ಮೊದಲು ಬಲಗಡೆಯ ಹೂ ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು ಅರ್ಥ. ಕೇಳುವವರು ಅಲ್ಲಿಯವರೆಗೆ ಉಪವಾಸವಿರಬೇಕು. ಸುತ್ತಮುತ್ತಲಿನ ಮಲಯಾಳದವರ ದೇವಸ್ಥಾನಗಳಲ್ಲಿ ಇದು ನಡೆಯದು. ಅಲ್ಲಿ ಪೂಜೆಯವರು ಪ್ರಸಾದವನ್ನು ಮುಟ್ಟದ ಹಾಗೆ ಮೇಲಿಂದ ಅಂಗೈಗೆ ಹಾಕಿ ಮುಂದೆ ಹೋಗು ಎನ್ನುವವರು. ಕಾಡಿನಂಚಿನಲ್ಲಿ ಒಂದು ಸಣ್ಣ ಅಮ್ಮನ ಗುಡಿ ಮಾತ್ರ ಇತ್ತು, ಅದರ ಪೂಜಾರಿ ಕನ್ನಡದವನು. ಯಾವ ಕಾಲದಲ್ಲೋ ಅವನ ಹಿರಿಯರು ದನ ಹೊಡೆದುಕೊಂಡು ಬಂದು ಅಲ್ಲೇ ನಿಂತವರಂತೆ.

ಆ ಮಂಗಳವಾರ ಚೇಟ್ಟನ್ ತನ್ನ ಜೀಪಿನಲ್ಲಿ ಮಾನಂದವಾಡಿಯ ಆಚೆಗಿದ್ದ ದೊರೆಯ ತೋಟಕ್ಕೆ ಹೊರಟಿದ್ದ, ಕಾಳುಮೆಣಸಿನ ಬಳ್ಳಿಯ ತುಂಡು ತರುವುದಕ್ಕೆ. ಬಿಳಿಯ ದೊರೆಯೊಬ್ಬ ಹಡಗಿನಲ್ಲಿ ದೇಶದೇಶದ ಗಿಡ ತರಿಸಿ ಬೆಳೆಸಿದ್ದ ತೋಟ ಅದು. ದೊರೆ ತನ್ನ ದೇಶಕ್ಕೆ ಹೋದ, ಗಿಡಗಳು ಉಳಿದವು. ಚೇಟ್ಟನ್ ನಮಗೆ, ನೀವೂ ಬನ್ನಿ, ತೋಟ ನೋಡಿದ ಹಾಗೂ ಆಯಿತು, ಬರುತ್ತ ನಿಮ್ಮ ಅಮ್ಮನನ್ನು ಕೇಳಿದ ಹಾಗೂ ಆಯಿತು ಎಂದ. ಅಮ್ಮ ಬಲಗಡೆ ಕೊಟ್ಟರೆ ಜಮೀನು ಅವನದು, ಉಪಚಾರಕ್ಕೆ ಕೊರತೆಯೇನು? ನನ್ನ ಗಂಡ ಕೋತಿ ಕಾಯುವುದಕ್ಕೆ ಮನೆಯಲ್ಲೇ ಉಳಿದ. ನಾನು ಬೆಳಿಗ್ಗೆಯೇ ಎದ್ದು ಚಿತ್ರಾನ್ನ, ಮೊಸರನ್ನ ಕಟ್ಟಿದೆ. ಹೂ ಬಿದ್ದ ಮೇಲೆ ಗುಡಿಯ ಮುಂದೆ ಕೂತು ಉಣ್ಣುವುದೆಂದು ಮಾತಾಯಿತು.

ಅತ್ತೆ ಬೇಲಿಯ ಕೆಂಪು ಕಣಗಿಲೆ ಬಿಡಿಸಿ ಬಾಳೆಲೆಯಲ್ಲಿ ಸುತ್ತಿ ಕೊಟ್ಟರು. ಕಣಗಿಲೆ ಹೂ ಕೇಳುವುದಕ್ಕೆ ಹೇಳಿಮಾಡಿಸಿದ್ದು, ಜಾರಿ ಬೀಳುವುದಕ್ಕೆ ತಡಮಾಡುವುದಿಲ್ಲ. ದಾರಿಯುದ್ದಕ್ಕೂ ಮಾವನವರದು ಒಂದೇ ಮಾತು: ಹೂ ಹುಷಾರು, ಹೂ ಯಾರ ಹತ್ತಿರ ಇದೆ, ಹೂವಿಗೆ ಬಿಸಿಲು ಬೀಳಬಾರದು. ಪ್ರತಿ ತಿರುವಿನಲ್ಲೂ ನನಗೆ ಒಂದು ಗದರಿಕೆ. ತೋಟದ ಗೇಟಿನಲ್ಲಿ ಅವರು ಜೀಪಿನಿಂದ ಇಳಿದಾಗ ಅತ್ತೆ ಸೀಟು ನೋಡಿದರು, ನಾನೂ ನೋಡಿದೆ. ತೋಲ್ಪೆಟ್ಟಿಯಿಂದ ಅಲ್ಲಿಯವರೆಗೆ ಮಾವ ಕೂತಿದ್ದುದು ಆ ಪೊಟ್ಟಣದ ಮೇಲೇ. ಕಣಗಿಲೆ ಚಟ್ನಿಯಾಗಿತ್ತು. ಅವರು ಪಂಚೆ ಕೊಡವಿಕೊಂಡು, ಹೂ ಅಲ್ಲಿಟ್ಟವರು ಯಾರು ಎಂದು ಜೋರು ಮಾಡಿದರು. ಅತ್ತೆ ಪಂಚೆಯ ಹಿಂಭಾಗದ ಕೆಂಪು ಕಲೆಯನ್ನು ಬೆರಳಿನಿಂದ ತೋರಿಸಿದರು.

ತೋಟ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಅಂಥ ಹಸಿರನ್ನು ನಾನು ನೋಡಿರಲಿಲ್ಲ. ನಾವು ದಿನಾ ನೋಡುವ ಕಾಡಿನ ಹಸಿರು ಬೇರೆ. ಅದರೊಳಗಿಂದ ಏನು ಎದ್ದು ಬರುತ್ತದೋ ಎಂದು ಒಂದು ಕಣ್ಣು ಇಟ್ಟಿರಬೇಕು. ಇಲ್ಲಿ ಯಾವುದೂ ಎದ್ದು ಬರುತ್ತಿರಲಿಲ್ಲ. ಕತ್ತರಿಸಿದ ಹುಲ್ಲು, ಕೊಳ, ಕೊಳದ ತುಂಬ ಊಟದ ಎಲೆಗಿಂತ ಅಗಲದ ಎಲೆಗಳು. ಪ್ರತಿಯೊಂದು ಮರಕ್ಕೂ ಒಂದು ತಗಡಿನ ಚೀಟಿ ಹೊಡೆದಿದ್ದರು, ಮರದ ಹೆಸರು, ನಂಬರು. ಮಾವನಿಗೆ ಇಂಗ್ಲಿಷು ಬಾರದು, ನಂಬರು ಗೊತ್ತಾಗುತ್ತಿತ್ತು. ನಮ್ಮ ಕಡೆ ಮರಕ್ಕೆ ನಂಬರು ಹೊಡೆಯುವವರು ಫಾರೆಸ್ಟಿನವರು, ಅದೂ ಕಡಿಯುವ ಮೊದಲು. ಮಾವ ಒಂದೊಂದು ಮರದ ಮುಂದೆಯೂ ನಿಂತು, ಅಯ್ಯೋ ಇದನ್ನೂ ಕಡೀತಾರಾ, ಎಂಥಾ ಮರ ಎಂದು ಮರುಗುತ್ತ ಹೋದರು. ತೋಟದ ಮಾಲಿ, ಕಡಿಯುವುದಿಲ್ಲ, ಅದು ಹೆಸರು ಎಂದು ಮಲಯಾಳದಲ್ಲಿ ಎಷ್ಟು ಹೇಳಿದರೂ ನಂಬಲಿಲ್ಲ. ಎಲ್ಲರೂ ಮೊದಲು ಹಾಗೇ ಹೇಳೋದು ಎಂದರು. ಆಮೇಲೆ ಹಸಿವು ಹೆಚ್ಚಾದಂತೆ ಮರುಕ ಕಡಿಮೆಯಾಗಿ, ಇದರ ಕಾಯಿ ತಿನ್ನಬಹುದಾ ಎಂದು ವಿಚಾರಿಸತೊಡಗಿದರು. ಯಾವುದನ್ನೂ ತಿನ್ನುವ ಹಾಗಿರಲಿಲ್ಲ. ದೊರೆಗೆ ತಲೆ ಸರಿ ಇರಲಿಲ್ಲ ಎಂದು ಅವರು ತೀರ್ಮಾನ ಕೊಟ್ಟರು.

ನಾನು ಚೀಟಿಯನ್ನೂ ನೋಡಲಿಲ್ಲ, ಕಾಯಿಯನ್ನೂ ಕೇಳಲಿಲ್ಲ. ಕೊಳದ ಕಟ್ಟೆಯ ಮೇಲೆ ಕೂತು, ತಾಯಿ, ಎಡಗಡೆ ಕೊಡು, ಎಡಗಡೆ ಕೊಡು ಎಂದು ಕಾಣದ ಅಮ್ಮನಿಗೆ ಅಲ್ಲಿಂದಲೇ ಅರ್ಜಿ ಹಾಕುತ್ತಿದ್ದೆ.

ಹೊಸ ಹೂವಿನ ಪ್ರಶ್ನೆ ಬಂತು. ಮಾಲಿ ಯಾವ ಹೂವನ್ನೂ ಕೀಳಲು ಬಿಡಲಿಲ್ಲ. ಬೇಲಿಯ ಮೇಲೆ ಹಬ್ಬಿದ್ದ ಒಂದು ಗಿಡ ತೋರಿಸಿ, ಇದಾದರೆ ಎಷ್ಟು ಬೇಕಾದರೂ ತೆಗೆದುಕೊಳ್ಳಿ, ಕತ್ತರಿಸಿ ಕತ್ತರಿಸಿ ಸಾಕಾಗಿದೆ ಎಂದ. ತಿಳಿನೀಲಿಯ ಸಣ್ಣ ಹೂಗಳು, ಗೊಂಚಲುಗೊಂಚಲು. ನಾನು ಒಂದು ಕಿತ್ತೆ, ತೊಟ್ಟು ಬೆರಳಿಗೆ ಅಂಟಿಕೊಂಡಿತು. ಕೊಡವಿದರೆ ಬೀಳದು. ತಮಾಷೆಗೆ ಕಿವಿಯ ಹಾಲೆಗೆ ಒತ್ತಿದೆ, ಓಲೆಯ ಹಾಗೆ ನಿಂತುಕೊಂಡಿತು. ಇನ್ನೊಂದು ಕಿವಿಗೂ ಇಟ್ಟುಕೊಂಡೆ. ನಮ್ಮೂರ ಬೇಲಿಯಲ್ಲಿ ಚಿತ್ರಮೂಲ ಎಂದು ಇದರದೇ ಜಾತಿಯ ಬಿಳಿ ಹೂ ಬಿಡುತ್ತದೆ, ಅದೂ ಹೀಗೆ ಸೀರೆಗೆ ಹಿಡಿದರೆ ಬಿಡುವುದಿಲ್ಲ. ಅದು ನನಗೆ ಹೊಳೆದದ್ದು ಆಮೇಲೆ. ಆಗ ನಾನು ಓಲೆ ನೋಡಿಕೊಳ್ಳಲು ಕೊಳದ ನೀರಿಗೆ ಬಗ್ಗಿದ್ದೆ.

ಅತ್ತೆ ನನ್ನ ಕಿವಿಯನ್ನೇ ದಿಟ್ಟಿಸಿ ನೋಡಿದರು. ಬಂದು ಒಂದು ಹೂವನ್ನು ಮುಟ್ಟಿ ನೋಡಿದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ಬೇಲಿಯ ಹತ್ತಿರ ಹೋಗಿ ನೀಲಿ ಹೂಗಳನ್ನು ಆರಿಸಿ ಆರಿಸಿ, ಹೊಸದಾಗಿ ಅರಳಿದವನ್ನೇ ಸೆರಗಿಗೆ ಹಾಕಿಕೊಂಡರು. ಇದ್ಯಾವ ಹೂ, ಇದಕ್ಕೆ ವಾಸನೆಯೇ ಇಲ್ಲ ಎಂದು ಮಾವ ರಾಗ ಎಳೆದರು. ಅಮ್ಮಂಗೆ ನೀಲಿ ಒಪ್ತದೆ, ಬನ್ನಿ ಎಂದು ಅತ್ತೆ ಜೀಪು ಹತ್ತಿದರು.

ಗುಡಿ ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿ ದಾಟಿದ್ದ. ಚೇಟ್ಟನ್ ಹೊರಗೇ ಜೀಪಿನಲ್ಲಿ ಉಳಿದ. ಪೂಜಾರಿ ಬಾಗಿಲು ಹಾಕಿ ಮನೆಗೆ ಊಟಕ್ಕೆ ಹೊರಟಿದ್ದವನು, ಕನ್ನಡ ಕೇಳಿ ನಿಂತ. ಮತ್ತೆ ಬಾಗಿಲು ತೆಗೆದು, ಅಮ್ಮನ ಕಪ್ಪು ಕಲ್ಲಿನ ಮೈಗೆ ನೀರು ಸುರಿದು, ಭುಜಕ್ಕೊಂದು ನೀಲಿ ಹೂ ಒತ್ತಿ, ಹೇಳಿ ಯಜಮಾನ್ರೆ ಎಂದ.

ಮಾವ ಹೇಳಿದರು. ಊರಿಗೆ ಹೋಗೋದಾದ್ರೆ ಬಲಗಡೆ ಕೊಡು ತಾಯಿ ಎನ್ನುವ ಒಂದು ಮಾತು ಸಾಕಿತ್ತು. ಅವರು ಆನೆಯಿಂದ ಶುರು ಮಾಡಿದರು. ಆನೆ ಮುಗಿದು ಹಂದಿ, ಹಂದಿ ಮುಗಿದು ಚಳಿಜ್ವರ, ಕೊಬ್ಬರಿ ಎಣ್ಣೆಯ ಅಡುಗೆ, ಮಾತು ತಿಳಿಯದ ಸಂತೆ. ಪ್ರತಿ ಮಾತಿಗೂ ಪೂಜಾರಿ ಹೂಂ, ಹೂಂ, ಆಮೇಲೆ ಎನ್ನುತ್ತಿದ್ದ. ಮಾವನವರ ದನಿ ಏರುತ್ತ ಹೋಯಿತು, ಮುಖಕ್ಕೆ ಕಳೆ ಬಂತು. ಪ್ರಶ್ನೆ ಮುಗಿಸಿ, ಕೈಮುಗಿದು ನಿಂತರು. ನಾವೆಲ್ಲ ಆ ಎರಡು ಹೂಗಳನ್ನು ನೋಡುತ್ತ ನಿಂತೆವು.

ಹೂ ಬೀಳಲಿಲ್ಲ.

ಪೂಜಾರಿ ಕರ್ಪೂರ ಹಚ್ಚಿದ. ಗಂಟೆ ಬಾರಿಸಿದ. ಬೀಳಲಿಲ್ಲ. ಒಂದು ಹಲ್ಲಿ ಗೋಡೆಯಿಂದ ಇಳಿದು ಅಮ್ಮನ ಬಲಭುಜಕ್ಕೆ ಬಂತು. ಆ ಹಾಳು ಹಲ್ಲಿ ಬಾಲ ಒಂದು ಆಡಿಸಿದರೆ ನಾನು ಮತ್ತೆ ಬೂದಿಯಲ್ಲಿ ಕೈಯಿಟ್ಟ ಹಾಗೆಯೇ. ಹಲ್ಲಿ ಹೂವಿನ ಹತ್ತಿರ ಬಂದು, ನೋಡಿ, ಏನು ಅನ್ನಿಸಿತೋ, ತಿರುಗಿ ಹೋಯಿತು. ಪೂಜಾರಿ ಇನ್ನೊಂದು ತಂಬಿಗೆ ನೀರು ಸುರಿದ. ಹೂ ನೆನೆದು ಮೈಗೆ ಮೆತ್ತಿಕೊಂಡು ಕೂತಿತೇ ಹೊರತು ಜಾರಲಿಲ್ಲ. ಇಷ್ಟು ವರ್ಷದಲ್ಲಿ ಹೀಗಾಗಿಲ್ಲ ಎಂದು ಅವನು ತಲೆ ಕೆರೆದುಕೊಂಡ.

ಸೆಕೆಗೆ ಬೆವರು ಒರೆಸಿಕೊಳ್ಳಲು ಕಿವಿಗೆ ಕೈ ಹಾಕಿದೆ ನೋಡಿ, ನನ್ನ ಓಲೆಗಳು ಇನ್ನೂ ಅಲ್ಲೇ ಇದ್ದವು. ಜೀಪಿನ ಅಷ್ಟು ಕುಲುಕಾಟದಲ್ಲೂ ಬಿದ್ದಿರಲಿಲ್ಲ. ಆಗ ನನ್ನ ತಲೆಗೆ ಹೊಳೆಯಿತು. ಈ ಹೂ ಇವತ್ತಲ್ಲ, ನಾಳೆಗೂ ಬೀಳುವುದಿಲ್ಲ. ಸೆರಗನ್ನು ಎರಡೂ ಕಿವಿ ಮುಚ್ಚುವ ಹಾಗೆ ಎಳೆದುಕೊಂಡೆ, ಅತ್ತೆಗೆ ಎಲ್ಲಿ ಗೊತ್ತಾಗುತ್ತದೋ ಎಂಬ ಭಯ. ಗೊತ್ತಾದರೆ ಬೇರೆ ಹೂ ತರಿಸುತ್ತಾರೆ, ಗುಡಿಯ ಹಿಂದೆ ತುಂಬೆ ಬೇಕಾದಷ್ಟಿದೆ. ಅತ್ತೆ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ಅಮ್ಮ, ಇವರ ಕಣ್ಣು ಹಾಗೇ ಮುಚ್ಚಿಸಿಡು ಎಂದು ಹೊಸ ಅರ್ಜಿ ಹಾಕಿದೆ.

ಮಾವನಿಗೆ ಹಸಿವು ತಡೆಯಲಾಗಲಿಲ್ಲ. ಅವರೇ ಬೇರೆ ಹೂವಿನ ಮಾತು ತೆಗೆದರು, ಇದು ಪರದೇಶಿ ಹೂ, ಇದಕ್ಕೆ ನಮ್ಮ ಅಮ್ಮನ ಭಾಷೆ ತಿಳಿಯದಿರಬಹುದು ಎಂದರು. ಅತ್ತೆ ಕಣ್ಣು ಬಿಟ್ಟು ನಿಧಾನವಾಗಿ, ಇಟ್ಟ ಹೂವನ್ನ ಅಮ್ಮನ ಮೈಯಿಂದ ಕಿತ್ತು ಇನ್ನೊಂದು ಇಡೋರು ನೀವಾದ್ರೆ ಇಡಿ, ನಾನು ಮಾತ್ರ ನಿಲ್ಲಾಕಿಲ್ಲ ಎಂದು ಹಿಂದೆ ಸರಿದರು. ಪೂಜಾರಿಯೂ ಕೈ ಹಿಂದಕ್ಕೆ ಎಳೆದುಕೊಂಡ. ಹಾಗಾಗಿ ಮತ್ತೆ ಕಾದೆವು.

ನಿಂತು ಸಾಕಾಗಿ ಮಾವ ಜಗಲಿಯ ಮೇಲೆ ಕೂತರು. ಪೂಜಾರಿ ಪಕ್ಕದಲ್ಲಿ ಕೂತ. ನಿಮ್ಮೂರು ಯಾವುದು ಎಂದು ಕೇಳಿದ. ಕೇಳಬಾರದಿತ್ತು. ಮಾವ ಊರಿನ ಕೆರೆ, ಕೆರೆಯ ಏರಿ, ಏರಿಯ ಮೇಲೆ ಎತ್ತಿನ ಗಾಡಿ ಮಗುಚಿದ ಕಥೆ ಎಲ್ಲ ತೆಗೆದರು. ಪೂಜಾರಿಗೆ ಹೆಂಡತಿ ಮನೆಯಲ್ಲಿ ಅನ್ನ ಬಡಿಸಿಟ್ಟಿದ್ದು ಮರೆತುಹೋಯಿತು. ಅವನ ಅಜ್ಜನ ಬಾಯಲ್ಲಿ ಕೇಳಿದ್ದ ಊರುಗಳಂತೆ ಅವು, ಅವನು ಕಣ್ಣಾರೆ ನೋಡಿದವನಲ್ಲ. ಆಮೇಲೆ, ಆಮೇಲೆ ಎಂದು ಕೆದಕಿ ಕೆದಕಿ ಕೇಳಿದ. ಮಾವ ಹಸಿವು ಮರೆತು ಮಾತಾಡಿದರು. ಅಷ್ಟು ಖುಷಿಯಾಗಿ ಅವರು ಮಾತಾಡಿದ್ದನ್ನು ನಾನು ವಯನಾಡಿನಲ್ಲಿ ನೋಡಿದ್ದು ಅದೇ ಮೊದಲು.

ಗಾಡಿಯ ಕಥೆ ಮುಗಿದಾಗ ಪೂಜಾರಿ ಎದ್ದು ಒಳಗೆ ಇಣುಕಿದ. ಎರಡು ಹೂಗಳೂ ಇದ್ದಲ್ಲೇ ಇದ್ದವು. ಅವನು ಹೊರಗೆ ಬಂದು ಮಾವನ ಮುಖ ನೋಡಿ ಹೇಳಿದ:

“ಅವ್ವ ಹೂವನ್ನೇ ಬುಡ್ತಾ ಇಲ್ಲ ಯಜಮಾನ್ರೆ. ನಿಮ್ಮನ್ನ ಬುಟ್ಟಾಳಾ? ಇಲ್ಲೇ ಇರಿ ಅಂತಾವ್ಳೆ.”

ಮಾವ, ಮುಂದಿನ ಮಂಗಳವಾರ ನೀವು ಗುಡಿಯಲ್ಲೇ ಇರುತ್ತೀರಾ ಎಂದು ಪೂಜಾರಿಯನ್ನು ಕೇಳಿದರು. ಎಲ್ಲಿಗೆ ಹೋಗಲಿ ಎಂದ ಅವನು. ಹಾಗಾದರೆ ಊಟ ಬಿಚ್ಚು ಎಂದು ಮಾವ ನನಗೆ ಹೇಳಿದರು. ಖುಷಿಯ ಆತುರದಲ್ಲಿ ಬಡಿಸಿದ ಚಿತ್ರಾನ್ನ ಅರ್ಧ ನೆಲಕ್ಕೆ ಬಿತ್ತು, ಯಾರೂ ಬಯ್ಯಲಿಲ್ಲ. ಪೂಜಾರಿಗೂ ಒಂದು ಎಲೆ ಹಾಕಿದೆವು.

ಚೇಟ್ಟನ್ ಜೀಪಿನಲ್ಲಿ ನಿದ್ದೆ ಹೊಡೆಯುತ್ತಿದ್ದ. ಎಬ್ಬಿಸಿ ವಿಷಯ ಹೇಳಿದಾಗ ಗುಡಿಯ ಕಡೆಗೊಮ್ಮೆ, ಮಾವನ ಕಡೆಗೊಮ್ಮೆ ನೋಡಿದ. ತನ್ನ ಮಾತಿನಲ್ಲಿ ಶರಿ ಎಂದ. ದಾರಿಯಲ್ಲಿ ಅವನು ಒಂದು ಹಾಡೂ ಗುನುಗಲಿಲ್ಲ. ಬೇಜಾರಾಗಿತ್ತು, ಆಗದೆ ಇರುತ್ತದೆಯೇ? ನಮ್ಮ ಮನೆಯ ಮುಂದೆ ಇಳಿಸಿ, ಹಿಂದಿನಿಂದ ಮೆಣಸಿನ ಬಳ್ಳಿಯ ಒಂದು ಕಟ್ಟು ತೆಗೆದು ಮಾವನ ಕೈಗಿಟ್ಟು, ತನ್ನ ಅರೆಬರೆ ಕನ್ನಡದಲ್ಲಿ, ಹೋಗಾಕಿಲ್ಲ ಅಂದ ಮೇಲೆ ಇದು ನೆಡಿ, ನಾಳೆ ನಾನು ಬಂದು ತೋರಿಸ್ತೀನಿ ಎಂದ. ಆ ಬಳ್ಳಿಗಳು ನಮ್ಮನ್ನು ಸಾಕಿದವು, ಅದು ಬೇರೆ ಮಾತು.

ಸಂಜೆ ಅತ್ತೆ ಒಲೆ ಹಚ್ಚಿ ಹುರುಳಿ ಸಾರಿಗೆ ಇಟ್ಟರು. ನಾನು ಪಕ್ಕದಲ್ಲಿ ಕೂತು ಮುದ್ದೆಗೆ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಅವರು ಬಗ್ಗಿ ಒಲೆ ಊದುವಾಗ ಸೆರಗಿನ ಅಂಚಿನಲ್ಲಿ ಒಂದು ನೀಲಿ ಹೂ ಕಂಡಿತು. ಬೆಳಗಿನಿಂದ ಅಲ್ಲೇ ಅಂಟಿಕೊಂಡು ಕೂತಿತ್ತು. ನಾನು ಅದನ್ನು ಮೆಲ್ಲಗೆ ಬಿಡಿಸಿ ಬೆಂಕಿಗೆ ಹಾಕಲು ಹೋದೆ. ಅತ್ತೆ ನೋಡಿಬಿಟ್ಟರು.

“ನಿನ್ನ ಕಿವೀಲಿರೋದನ್ನೂ ತಗಿ” ಎಂದರು. “ಅವರು ನೋಡಾರು.”

ನಾನು ಕಿವಿ ಮುಟ್ಟಿಕೊಂಡೆ. ಅತ್ತೆ, ಇದು ಅಂಟೋ ಹೂ ಅಂತ ನಿಮಗೆ ಗೊತ್ತಿತ್ತಾ ಎಂದು ಕೇಳಿದೆ. ಚಿತ್ರಮೂಲ ಕಾಣದೆ ಇರೋಳಾ ನಾನು ಎಂದರು. ಹಾಗಾದರೆ ಊರಿಗೆ ಹೋಗುವುದು ನಿಮಗೂ ಬೇಡವಾಗಿತ್ತಾ, ದಿನಾ ಈ ಕಾಡನ್ನು ಬಯ್ಯುತ್ತಿದ್ದಿರಲ್ಲ ಎಂದೆ. ಅತ್ತೆ ಜಗಲಿಯ ಕಡೆ ಒಮ್ಮೆ ನೋಡಿದರು. ಅಲ್ಲಿ ಮಾವ ನನ್ನ ಗಂಡನಿಗೆ ಪೂಜಾರಿಯ ಕಥೆ ಹೇಳುತ್ತಿದ್ದರು.

“ಬಯ್ಯೋಕೇನು ಮಗ, ಬಾಯಿ ಅದೆ” ಎಂದರು ಅತ್ತೆ, ದನಿ ತಗ್ಗಿಸಿ. “ನಿಂಗೆ ಆ ಮನೇಲಿ ಅತ್ತೆ ನಾನು. ನಂಗೂ ಅಲ್ಲಿ ಒಬ್ಳು ಅತ್ತೆ ಅವ್ಳಲ್ಲ. ಸೊಸೆಯಾಗಿ ಹೋದೆ, ನಾಕು ಗಂಡು ಹೆತ್ತೆ, ತಲೆ ನರೀತು. ಇಲ್ಲಿಗೆ ಬರೋಗಂಟ ಒಂದಿನ ಸಾರಿಗೆ ಉಪ್ಪು ಹಾಕಿರ್ನಿಲ್ಲ ಕಣಮ್ಮಿ ನಾನು.”

ಅಷ್ಟು ದಿನ ಓರಗಿತ್ತಿಯರನ್ನು ಲೆಕ್ಕ ಹಾಕಿದ್ದೆ, ನನ್ನ ಕೈಯ ಬೂದಿಯನ್ನು ಲೆಕ್ಕ ಹಾಕಿದ್ದೆ. ಮಂಚದ ಹತ್ತಿರಕ್ಕೆ ಎಲ್ಲರಿಗಿಂತ ಮೊದಲು ಪಾತ್ರೆ ಒಯ್ದವರು ಯಾರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಸಾರು ಕುದಿ ಬಂತು. ಸಂಜೆಯದು ನನ್ನ ಸರದಿ. ನಾನು ಗೂಡಿನಿಂದ ಮಡಕೆ ಇಳಿಸಿ ಅತ್ತೆಯ ಮುಂದೆ ಇಟ್ಟೆ. ಅವರು ಒಂದು ಹಿಡಿ ತೆಗೆದು ಹಾಕಿ, ಮಡಕೆಯನ್ನು ನನ್ನ ಕಡೆ ತಳ್ಳಿ, ನೀನೂ ಹಾಕು ಎಂದರು. ನಾನೂ ಹಾಕಿದೆ.

ಮಾವ ಮೊದಲ ತುತ್ತು ನುಂಗಿ ನಮ್ಮಿಬ್ಬರ ಮುಖ ನೋಡಿದರು. ಇಬ್ಬರೂ ತಲೆ ತಗ್ಗಿಸಿ ಉಣ್ಣುತ್ತಿದ್ದೆವು. ಅವರು ಏನೋ ಅನ್ನಲು ಬಾಯಿ ತೆರೆದು, ಅನ್ನದೆ, ನೀರು ಕೇಳಿದರು.